ಯಾರೂ ಬರೆಯದ ವರದಿ

ಸಿಂದಗಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಶಮಾ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಊರಿಗೆಲ್ಲ ಅವಳು ಶಮಾ ಬಾಯಾರು. ಅವಳಿಗಿಂತ ಅವಳ ನೋಟ್ಸೇ ಹೆಚ್ಚು ಊರು ತಿರುಗಿದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಝೆರಾಕ್ಸ್ ಅಂಗಡಿಗಳಲ್ಲೂ ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಅದನ್ನು ಕೇಳಿ ಒಯ್ಯುತ್ತಾರೆ.

ನೋಟ್ಸಿನ ಗುಟ್ಟು ಮೊದಲ ಪುಟದಲ್ಲೇ ಇದೆ. ಪದ್ಯದ ಅರ್ಥ ಬಿಡಿಸುವಾಗ ‘ನನಗೆ ಹೀಗನಿಸುತ್ತದೆ’ ಎಂದು ಯಾರೂ ಬರೆಯಕೂಡದು. ‘ಹೀಗೆಂದು ನಂಬಲಾಗಿದೆ’, ‘ಹೀಗೆಂದು ಅರ್ಥೈಸಬಹುದಾಗಿದೆ’ ಎಂದು ಬರೆಯಬೇಕು. ಇಟ್ ಈಸ್ ಬಿಲೀವ್ಡ್, ಇಟ್ ಮೇ ಬಿ ಅಂಡರ್‌ಸ್ಟುಡ್. ಇಂಥ ಹನ್ನೆರಡು ಸಾಲುಗಳನ್ನು ಅವಳು ಪ್ರತಿ ಜೂನ್‌ನಲ್ಲಿ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಾಳೆ.

“ನಿನಗ ಅನಿಸಿದ್ದು ಯಾರಿಗಿ ಬೇಕಾಗೇತಿ? ಪೇಪರ ತಿದ್ದಾವ್ರಿಗಿ ನೀ ಯಾರು?” ಎಂದು ಕೇಳುತ್ತಾಳೆ. ಮಕ್ಕಳು ನಗುತ್ತಾರೆ. ಅರ್ಥ ತಪ್ಪಿದರೂ ಮೈಮೇಲೆ ಬರುವುದಿಲ್ಲ, ಸರಿಯಾದರೆ ಮಾರ್ಕು ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಹನ್ನೆರಡು ಸಾಲುಗಳನ್ನು ನಂಬಿ ಪಾಸಾದ ಮಕ್ಕಳು ಈ ನಾಲ್ಕು ತಾಲೂಕಿನ ತುಂಬ ಇದ್ದಾರೆ.

ಶಮಾ ಹುಟ್ಟಿದ್ದು ಕೊಲ್ಹಾರದಲ್ಲಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿಹೋದಾಗ ಅವಳು ಇನ್ನೂ ಲಂಗ ತೊಡುವ ಹುಡುಗಿ. ಗಂಡ ಯುನೂಸ ಮುದ್ದೇಬಿಹಾಳದಲ್ಲಿ ನೌಕರಿ ಮಾಡುತ್ತಾನೆ, ಶನಿವಾರ ಬಂದು ಸೋಮವಾರ ಹೋಗುತ್ತಾನೆ. ಜಗಳವಿಲ್ಲ, ತಂಟೆಯಿಲ್ಲ. ಹೋದ ವರ್ಷ ತಾಯಿ ತೀರಿಕೊಂಡಾಗ ಶಮಾ ನಾಲ್ಕನೇ ದಿನಕ್ಕೆ ಬಂದು ಪಾಠ ಮಾಡಿದಳು. ಅಳು ಬಂದಿರಲಿಲ್ಲ. ಬರಲಿಲ್ಲವೆಂದು ಗಾಬರಿಯೂ ಆಗಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅವಳಿಗೆ ಒಳಗೆ ಎಲ್ಲೋ ಹಾಗಾಗಿತ್ತು. ಯಾವಾಗಿನಿಂದ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ.

ಕಾಲೇಜಿಗೆ ಹೊಂದಿಕೊಂಡೇ ಹಾಸ್ಟೆಲ್ಲು. ಅಲ್ಲಿ ಹದಿನಾಲ್ಕು ವರ್ಷದಿಂದ ಅಡಿಗೆ ಮಾಡುತ್ತಿದ್ದವಳು ಶೇವಂತೆವ್ವ. ಅದಕ್ಕೂ ಮೊದಲು ಸರ್ಕಾರಿ ಸಾಲೆಯ ಬಿಸಿಯೂಟದ ಒಲೆಯ ಮುಂದೆ ಇದ್ದವಳು. ಅಲ್ಲಿ ಮಕ್ಕಳಿಗೆ ಬಡಿಸುವ ಮುಂಚೆ ಮಾಸ್ತರರೊಬ್ಬರು ಉಂಡು ನೋಡಬೇಕು. ಹಾಸ್ಟೆಲ್ಲಿನಲ್ಲಿ ಅಂಥ ಕಾನೂನಿರಲಿಲ್ಲ, ಆದರೆ ಶೇವಂತೆವ್ವ ಆ ರೂಢಿ ಬಿಡಲಿಲ್ಲ. ದಿನವೂ ಮಧ್ಯಾಹ್ನ ಒಂದು ತಾಟು ಹಿಡಿದು ಸ್ಟಾಫ್ ರೂಮಿಗೆ ಬರುತ್ತಿದ್ದಳು. ಉಳಿದವರು ಒಂದು ತುತ್ತು ಬಾಯಿಗಿಟ್ಟು ಕೈ ತೊಳೆಯುತ್ತಿದ್ದರು. ಶಮಾ ಮಾತ್ರ ತಾಟು ಖಾಲಿ ಮಾಡುತ್ತಿದ್ದಳು, ಮನೆಯಲ್ಲಿ ಒಬ್ಬಳಿಗಾಗಿ ಅಡಿಗೆ ಮಾಡುವ ಬೇಸರಕ್ಕೆ.

ಆ ಬುಧವಾರವೂ ಹಾಗೇ ಆಯಿತು. ರೊಟ್ಟಿ, ಹೆಸರುಕಾಳು ಪಲ್ಯ, ಅನ್ನ, ಸಾರು. “ಛಲೋ ಆಗೇತಿ” ಎಂದು ಶಮಾ ತಾಟು ಕೊಟ್ಟಳು. ಸಂಜೆಯ ಹೊತ್ತಿಗೆ ಹಾಸ್ಟೆಲ್ಲಿನ ಮೂವತ್ತೊಂದು ಹುಡುಗಿಯರಿಗೆ ವಾಂತಿ, ಭೇದಿ. ಎರಡು ದಿನ ಸಲೈನ್ ಹಾಕಿಸಿಕೊಂಡು ಎಲ್ಲರೂ ಹುಷಾರಾದರು. ಆದರೆ ಸುದ್ದಿ ಹರಡಿತು, ಪಾಲಕರು ಗೇಟಿಗೆ ಬಂದು ನಿಂತರು. ಮಲಗಿದವರೆಲ್ಲ ಮೇಲಿನ ಮಹಡಿಯವರು. ಅದೇ ಊಟ ಉಂಡ ಕೆಳಗಿನ ಮಹಡಿಯ ಒಬ್ಬಳಿಗೂ ಏನೂ ಆಗಿರಲಿಲ್ಲ. ಮೇಲಿನವರಿಗೆ ನೀರಿನ ಟಾಕಿ ಬೇರೆ. ನಳದ ಕೆಲಸದ ಮಾಳಿಂಗ ಅದರ ಮುಚ್ಚಳ ತೆಗೆದು ನೋಡಿದಾಗ ಒಳಗೆ ಸತ್ತು ಕೊಳೆತ ಪಾರಿವಾಳವಿತ್ತು. ಅದನ್ನು ಅವನು ಕಾಲೇಜಿನ ಚೇರಮನ್ ಬಸವಂತರಾಯರಿಗೂ ಹೇಳಿದ, ಶಮಾಗೂ ಹೇಳಿದ.

ಬಸವಂತರಾಯರು ಶಮಾಳನ್ನು ಕರೆಸಿದರು. ಕಾಲೇಜು ನಡೆಸುವ ಟ್ರಸ್ಟಿನ ದೊಡ್ಡ ಕಚೇರಿಗೆ ಇಂಗ್ಲಿಷಿನಲ್ಲಿ ವರದಿ ಹೋಗಬೇಕಿತ್ತು.

“ನಿಮ್ಮಷ್ಟು ಚಂದ ಯಾರು ಬರೀತಾರ್ರಿ ಬಾಯಾರ? ಯಾರ ಹೆಸರೂ ಬ್ಯಾಡ. ಅಡಿಗಿ ಮಾಡೂದ್ರಾಗ ಏನೋ ಹೆಚ್ಚುಕಮ್ಮಿ ಆಗಿರಬೇಕು ಅನ್ನೂಹಂಗ ಬರ್ರಿ.”

“ಟಾಕಿದು?”

“ಅದನ್ನ ಬಿಡ್ರಿ. ಸ್ವಚ್ಛ ಮಾಡಿಸೇವಿ.”

ಶಮಾ ಬಿಟ್ಟಳು. ಅರ್ಧ ತಾಸಿನಲ್ಲಿ ಒಂದು ಪುಟ ಮುಗಿಸಿದಳು. ಊಟವನ್ನು ತಕ್ಕ ಎಚ್ಚರಿಕೆಯಿಲ್ಲದೆ ತಯಾರಿಸಿರಬಹುದೆಂದು ನಂಬಲಾಗಿದೆ. ಅಡಿಗೆಮನೆಯ ಸ್ವಚ್ಛತೆ ಸಾಕಷ್ಟಿರಲಿಲ್ಲವೆಂದು ಅರ್ಥೈಸಬಹುದಾಗಿದೆ. ನಾಲ್ಕು ಪ್ಯಾರಾ, ನಾಲ್ಕೂ ಇದೇ ಧಾಟಿ. ಸುಳ್ಳು ಹೇಳಿದ ಹಾಗೆ ಅವಳಿಗೆ ಅನಿಸಲಿಲ್ಲ. ಹೇಳಿದವರು ಯಾರಾದರೂ ಇದ್ದರಲ್ಲವೆ ಸುಳ್ಳು ಅನ್ನಿಸಿಕೊಳ್ಳುವುದು! ಬರೆದಾದ ಮೇಲೆ ಚಹಾ ಕುಡಿದು ಎರಡನೇ ವರ್ಷದವರ ಕ್ಲಾಸಿಗೆ ಹೋದಳು.

ಹತ್ತು ದಿನಕ್ಕೆ ಶೇವಂತೆವ್ವನನ್ನು ಕೆಲಸದಿಂದ ತೆಗೆದರು. ‘ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ’ ಎಂದು ಪಾತ್ರೆ ತಿಕ್ಕುವ ಹೆಂಗಸರು ತಮ್ಮತಮ್ಮಲ್ಲೇ ಗೊಣಗಿ ಸುಮ್ಮನಾದರು. ಶಮಾಳ ಕಿವಿಗೂ ಅದು ಬಿತ್ತು.

ಭಾನುವಾರ ಮಧ್ಯಾಹ್ನ ಯುನೂಸ ಮಸೀದಿಗೆ ಹೋದಾಗ ಶೇವಂತೆವ್ವ ಶಮಾಳ ಮನೆ ಬಾಗಿಲಿಗೆ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡಳು ಶಮಾ. ಬರಲಿ ಬಿಡು ಎಂದೂ ಅಂದುಕೊಂಡಳು.

“ಇದನ್ನೊಂದಿಷ್ಟು ಓದಿ ಹೇಳ್ರಿ ಬಾಯಾರ. ಇಂಗ್ಲಿಷ್ ಐತಂತ. ನಿಮ್ಮನ್ನ ಬಿಟ್ರ ನನಗ ಯಾರದಾರ?”

ಬಿಚ್ಚಿ ನೋಡಿದರೆ ಅವಳದೇ ವರದಿ. ಕೆಲಸದಿಂದ ತೆಗೆದ ಆದೇಶಕ್ಕೆ ಪಿನ್ನು ಹೊಡೆದು ಕೊಟ್ಟಿದ್ದರು. ಕೆಳಗೆ ಸಹಿ ಇರಲಿಲ್ಲ, ಟ್ರಸ್ಟಿನ ಮೊಹರು ಮಾತ್ರ ಇತ್ತು. ಶಮಾ ತನ್ನ ಸಾಲುಗಳನ್ನೇ ಕನ್ನಡದಲ್ಲಿ ಹೇಳಿದಳು.

“ನೀವು ಅಡಿಗಿ ಮಾಡೂದ್ರಾಗ ಕಾಳಜಿ ತಗೊಂಡಿಲ್ಲ ಅಂತ ನಂಬಲಾಗಿದೆ.”

“ಯಾರು ನಂಬ್ಯಾರ್ರಿ?”

“ಯಾರಂತ ಬರದಿಲ್ಲ.”

“ಹದಿನಾಲ್ಕು ವರ್ಷ ಬಡಸೇನಿ. ಹಂಗಂದಾವ್ರು ಯಾರಂತ ಗೊತ್ತಾದ್ರ ಅವರ ಮನಿಗಿ ಹೋಗಿ ಕೇಳ್ತಿದ್ನಿ. ಯಾರ ಮನಿಗಿ ಹೋಗಲ್ರಿ ಈಗ?” ಶೇವಂತೆವ್ವನ ದನಿ ಏರಲಿಲ್ಲ. “ಮದಿವಿ ಅಡಿಗಿಗೂ ಯಾರೂ ಕರೀವಲ್ರು ಬಾಯಾರ. ಮೊನ್ನಿ ಒಬ್ರು ಹೇಳಿ ಹೋದಾವ್ರು ಬ್ಯಾಡ ಅಂತ ತಿರಗಿ ಹೇಳಿ ಕಳಿಸಿದ್ರು. ಊಟಕ್ಕ ವಿಷಾ ಹಾಕಿದಾಕಿ ಅಂತಾರ.”

ಶಮಾ ಕಾಗದವನ್ನು ಅವಳ ಕೈಗೆ ತಿರುಗಿ ಕೊಟ್ಟಳು.

“ನೀವೊಂದು ಬರದು ಕೊಡ್ರಿ. ಆವತ್ತು ನೀವು ಅದ ಊಟ ಉಂಡೀರಿ, ಏನೂ ಆಗಿಲ್ಲ ಅಂತ. ಇಂಗ್ಲಿಷ್‌ನ್ಯಾಗ ಬರ್ರಿ, ನಿಮ್ಮ ಮಾತು ತಗದ ಹಾಕೂದಿಲ್ಲ. ನಾನು ದೊಡ್ಡ ಕಚೇರಿಗಿ ಒಯ್ದು ಕೊಡತೇನಿ.”

ಶಮಾ ಹಾಳೆ ತೆಗೆದುಕೊಂಡಳು. ಬರೆಯಬೇಕೆಂದೇ ಕೂತಿದ್ದಳು, ಅದರಲ್ಲಿ ಮೋಸವಿಲ್ಲ. ಆದರೆ ಹತ್ತೊಂಬತ್ತು ವರ್ಷದ ಕೈ ಅದು. ಅಂದಿನ ಊಟವನ್ನು ಸಿಬ್ಬಂದಿಯೊಬ್ಬರು ಸೇವಿಸಿದ್ದು ಗಮನಕ್ಕೆ ಬಂದಿದೆ. ಅವರಿಗೆ ತೊಂದರೆಯಾಗಿಲ್ಲವೆಂದು ತಿಳಿಯಲಾಗಿದೆ. ಮೂರು ಸಾಲು. ಶಮಾ ಅದನ್ನು ಕನ್ನಡದಲ್ಲಿ ಓದಿ ಹೇಳದೆ, ಹಾಳೆಯನ್ನು ಹಾಗೇ ಮುಂದೆ ಚಾಚಿದಳು.

ಶೇವಂತೆವ್ವ ಅದನ್ನು ತೊಡೆಯ ಮೇಲೆ ಹರವಿಕೊಂಡಳು. ಹಳೆಯ ಕಾಗದವನ್ನು ಮಗ್ಗುಲಿಗೆ ಇಟ್ಟುಕೊಂಡಳು. ಓದು ಬಾರದ ಹೆಂಗಸು. ಆದರೆ ಅಕ್ಕಿಯಲ್ಲಿ ಹರಳು ಹುಡುಕಿ ಪಳಗಿದ ಕಣ್ಣು. ಒಂದು ಕಾಗದದ ಸಾಲುಗಳ ತಲೆಯ ಮೇಲೆ ಬೆರಳು ಆಡಿಸಿದಳು, ಆಮೇಲೆ ಇನ್ನೊಂದರ ಮೇಲೆ. ಎರಡರಲ್ಲೂ ಪ್ರತಿ ಮಾತಿನ ಮೊದಲಿಗೆ ಒಂದು ನೆಟ್ಟನೆಯ ಗೂಟ, ಪಕ್ಕದಲ್ಲಿ ಅಡ್ಡಕೋಲು ಕಟ್ಟಿದ ಇನ್ನೊಂದು ಸಣ್ಣ ಗೂಟ: ಇಂಗ್ಲಿಷಿನ ‘ಇಟ್’.

“ಎರಡೂ ಹಿಂಗ ಸುರು ಆಗ್ಯಾವಲ್ರಿ ಬಾಯಾರ.”

ಬೆರಳು ಹಳೆಯ ಕಾಗದದ ಮೇಲೆ ನಿಂತಿತು.

“ಇದೂ ನೀವ ಬರದದ್ದೇನ್ರಿ?”

ಬರೆಸಿದರು ಎನ್ನಬಹುದಿತ್ತು, ಬರೆಯಬೇಕಾಗಿ ಬಂತು ಎನ್ನಬಹುದಿತ್ತು. ಹನ್ನೆರಡು ಸಾಲೂ ನಾಲಿಗೆಯ ತುದಿಯಲ್ಲೇ ಇದ್ದವು.

“ಹೌದು. ನಾನ ಬರದೇನಿ.”

ಶೇವಂತೆವ್ವ ಬಾಯಿಗೆ ಸೆರಗು ಹಿಡಿದುಕೊಂಡಳು. ಶಾಪ ಹಾಕಲಿಲ್ಲ, ಅಳಲೂ ಇಲ್ಲ. ಹಾಳೆಗಳನ್ನು ಬೇರೆ ಮಾಡಿ ಶಮಾಳದ್ದನ್ನು ಶಮಾಳ ಮುಂದಿಟ್ಟಳು, ಕೆಲಸದಿಂದ ತೆಗೆದ ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸಿದಳು. ಬಾಗಿಲಿನ ತನಕ ಹೋಗಿ ನಿಂತಳು.

“ಬರಿಯೂಮುಂದ ನನ್ನ ಮಾರಿ ಒಂದ ಸಲಾನಾದ್ರೂ ಕಣ್ಣಮುಂದ ಬಂತೇನ್ರಿ?”

ಶಮಾ ನೆನಪು ಮಾಡಿಕೊಂಡಳು. ಫ್ಯಾನಿನ ಸದ್ದು ನೆನಪಾಯಿತು, ಎರಡನೇ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಹಾಕಿ ತೆಗೆದದ್ದು ನೆನಪಾಯಿತು.

“ಇಲ್ಲ” ಎಂದಳು.

“ಅದಕ್ಕ ಮತ್ತ” ಎಂದಳು ಶೇವಂತೆವ್ವ, ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವಳಂತೆ. “ಬಂದಿದ್ರ ನೀವು ಹಂಗ ಬರೀತಿದ್ದಿಲ್ಲ ಬಿಡ್ರಿ.”

ಬಂದಿದ್ದರೂ ತಾನು ಹಾಗೇ ಬರೆಯುತ್ತಿದ್ದೆ ಎಂಬುದು ಶಮಾಗೆ ಗೊತ್ತಿತ್ತು. ಶೇವಂತೆವ್ವ ಓಣಿಯ ತಿರುವು ದಾಟುವವರೆಗೂ ಶಮಾ ಬಾಗಿಲಲ್ಲೇ ನಿಂತಿದ್ದಳು. ಅದೊಂದನ್ನು ಮಾತ್ರ ಕೂಗಿ ಹೇಳಲಿಲ್ಲ.