ಬೀದಿಗೊಂದೇ ಫೋನು

ಗೆಳೆಯರೇ, ಶಿರಾಳಕೊಪ್ಪದ ನಮ್ಮ ಬೀದಿಗೆಲ್ಲ ಫೋನ್ ಇರುವುದು ನಮ್ಮ ಮನೆಯಲ್ಲೊಂದೇ. ಯಾರಿಗೆ ಕರೆ ಬಂದರೂ ಹೋಗಿ ಕರೆತರುವವಳು ನಮ್ಮಮ್ಮ. ಅವರು ಮಾತು ಮುಗಿಸುವವರೆಗೂ ಪಕ್ಕದಲ್ಲೇ ಸೊಪ್ಪು ಸೋಸುತ್ತ ಕೂರುವವಳೂ ಅವಳೇ.

ಇವತ್ತು ಮಧ್ಯಾಹ್ನ ಫೈನಾನ್ಸಿನವನೊಬ್ಬ ಫೋನ್ ಮಾಡಿದ. ಅವನ ಗಂಟಲು ನನಗೂ ಕೇಳಿಸುವಷ್ಟು ದೊಡ್ಡದು. ನಮ್ಮ ಬೀದಿಯ ಒಬ್ಬಾಕೆ ಟಿ.ವಿ. ಕಂತು ಕಟ್ಟಿಲ್ಲವಂತೆ. ಹೆಸರು ನಾನಿಲ್ಲಿ ಬರೆಯುವುದಿಲ್ಲ. "ಬೀದೀಲಿ ನಾಲ್ಕು ಜನರಿಗೆ ಹೇಳಿಬಿಡ್ರಿ. ನಾಚಿಕೆಗಾದ್ರೂ ಕಟ್ತಾಳೆ" ಎಂದ.

ಅಮ್ಮ ದನಿ ಏರಿಸಲಿಲ್ಲ. "ಸಾಲ ಅವಳದು, ಅವಳ ಹತ್ರಾನೇ ಮಾತಾಡ್ರಿ. ಊರಿಗೆಲ್ಲ ಡಂಗುರ ಹೊಡೆಯೋಕೆ ನಾನೇನು ನಿಮ್ಮ ಸಂಬಳದಾಳಾ? ಅವಳನ್ನ ಕರೀತೀನಿ, ಮರ್ಯಾದೆಯಿಂದ ಮಾತಾಡ್ರಿ. ಇಲ್ಲಾಂದ್ರೆ ನಿಮ್ಮ ಮ್ಯಾನೇಜರ್ ಎದುರಿಗೆ ಬಂದು ನಾನೇ ಕೇಳ್ತೀನಿ."

ಆ ಕಡೆಯ ಗಂಟಲು ತಟ್ಟನೆ ಸಣ್ಣದಾಯಿತು. "ಆಯ್ತಮ್ಮ, ಕರೀರಿ" ಎಂದ. ನನಗೆ ಎದೆ ಉಬ್ಬಿ ಬಂತು.

ಆಕೆ ಬಂದು ರಿಸೀವರ್ ಹಿಡಿದ ಕೂಡಲೇ ಅಮ್ಮ ನನ್ನನ್ನೂ ಎಬ್ಬಿಸಿ, ಬಾಗಿಲು ಎಳೆದುಕೊಂಡು, ಸೊಪ್ಪಿನ ಮೊರದೊಂದಿಗೆ ಹಿತ್ತಲಿಗೆ ನಡೆದಳು.

ನಮ್ಮ ಮನೆಗೆ ಫೋನ್ ಬಂದಾಗಿನಿಂದ ಅಮ್ಮ ಕೇಳಿಸಿಕೊಳ್ಳದೆ ಬಿಟ್ಟ ಮಾತುಕತೆ ಇದೊಂದೇ.