ಕಣಿ ಇಡುವವಳು

ಮದರಾಸಿನ ನಮ್ಮ ವಠಾರದಲ್ಲಿ ಹೊಸ ವರ್ಷ ಎರಡೆರಡು ಸಲ ಬರುತ್ತಿತ್ತು, ನನ್ನ ಸೀರೆ ಮಾತ್ರ ಹಳೆಯದೇ. ನುಂಗಂಬಾಕ್ಕಂನ ಒಂದು ಗಲ್ಲಿ, ಒಂದು ಕೊಳಾಯಿ, ನಾಲ್ಕು ಸಂಸಾರ. ಮಾಳಿಗೆಯ ಮೇಲೆ ಮೈಸೂರು ಕಡೆಯ ರೈಲ್ವೆ ಗುಮಾಸ್ತರಿದ್ದರು. ಅವರ ಯುಗಾದಿ ಮೊದಲು. ಅವರು ಕಳಿಸಿದ ಬೇವು ಬೆಲ್ಲದ ಕಹಿ ಬಾಯಿಂದ ಹೋಗುವುದರೊಳಗೆ ನಮ್ಮ ಬಿಸು ಬಂದು ನಿಲ್ಲುತ್ತಿತ್ತು. ನಾವು ಉಡುಪಿ ಕಡೆಯವರು, ಸೂರ್ಯ ಮೇಷಕ್ಕೆ ಬಂದ ದಿನವೇ ನಮಗೆ ವರ್ಷದ ಮೊದಲು. ಪಕ್ಕದ ಮನೆ ಮಾಮಿಗೂ ಅದೇ ದಿನ ತಮಿಳು ವರ್ಷ. ಆದರೂ ಆಕೆ ಪ್ರತಿ ಸಲ, "ನಿಮ್ಮ ಯುಗಾದಿ ಆಗಲೇ ಆಯ್ತಲ್ಲ, ಇದು ಯಾವುದು?" ಎಂದು ಕೇಳುವಳು. ಒಂದೇ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿತ್ತು. ಒಂದು ವರ್ಷ "ಹೌದು ಮಾಮಿ, ನಮಗೆ ಎರಡು" ಎಂದುಬಿಟ್ಟೆ.

ಬಿಸು ಎಂದರೆ ಕಣಿ. ಹಿಂದಿನ ದಿನ ಸಂಜೆಯೇ ದೇವರ ಮುಂದೆ ಬಾಳೆಎಲೆಯ ತುದಿ ಹಾಸಿ, ಅಕ್ಕಿ ಹರಡಿ, ಅದರ ಮೇಲೆ ತೆಂಗಿನಕಾಯಿ, ಸೌತೆಕಾಯಿ, ಮಾವಿನಕಾಯಿ, ವೀಳ್ಯದೆಲೆ, ಮನೆಯಲ್ಲಿದ್ದ ಒಂದೆಳೆ ಚಿನ್ನ ಇಟ್ಟು, ಹಿಂದೆ ಒಂದು ಕನ್ನಡಿ ಒರಗಿಸಬೇಕು. ಬೆಳಿಗ್ಗೆ ಎಚ್ಚರವಾದವರು ಕಣ್ಣು ಬಿಡುವಂತಿಲ್ಲ. ಮನೆಯ ಹಿರಿ ಹೆಂಗಸು ಬಂದು ಕಣ್ಣಿನ ಮೇಲೆ ಕೈಯಿಟ್ಟು, ಮೆಲ್ಲಗೆ ನಡೆಸಿಕೊಂಡು ಹೋಗಿ, ಕಣಿಯ ಮುಂದೆ ಕೂರಿಸಿ ಕೈ ತೆಗೆಯುತ್ತಾಳೆ. ವರ್ಷದ ಮೊದಲ ನೋಟ ಅದೇ ಆಗಬೇಕು. ಸರಿಯಪ್ಪ, ಆದರೆ ಕಣಿ ಇಡುವವಳ ಕಣ್ಣು ಮುಚ್ಚುವವರು ಯಾರು? ಎಲ್ಲರಿಗಿಂತ ಮೊದಲು ಎದ್ದು ನಾನು ನೋಡುತ್ತಿದ್ದದ್ದು ಒಲೆಯ ಬೂದಿ, ಆಮೇಲೆ ಕೊಳಾಯಿ ಮುಂದಿನ ಕೊಡಗಳ ಸಾಲು. ಗಂಡ ಹೋಟೆಲಿನಲ್ಲಿ ಮುಖ್ಯ ಅಡಿಗೆಯವರು. ತಮಿಳು ವರ್ಷದ ದಿನ ಹೋಟೆಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹಾಗಾಗಿ ಅವರು ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದರು. ಅವರ ಕಣಿ ಇಡ್ಲಿಯ ಹಬೆ. ಮಗಳಂತೂ "ತೂಕ್ಕಮ್ ವರುದಮ್ಮಾ", ನಿದ್ದೆ ಬರ್ತದಮ್ಮಾ, ಎಂದು ತಮಿಳಿನಲ್ಲೇ ನಿದ್ದೆಗಣ್ಣಿನ ರಾಗ ಎಳೆಯುತ್ತಾ ನನ್ನ ಕೈಗೆ ಜೋತುಬಿದ್ದು ಬರುವಳು. ಹಬ್ಬ ಎಂದರೆ ನನಗೆ ಸೊಂಟನೋವು. ಅಷ್ಟು ವರ್ಷದ ಹಬ್ಬಗಳಲ್ಲಿ ಬೇರೆ ಬೇರೆಯಾಗಿ ನೆನಪಿರುವುದು ಎರಡೇ ಎರಡು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಅಮ್ಮ ಕಣ್ಣಿನ ಮದ್ದಿಗೆಂದು ಊರಿನಿಂದ ಬಂದು ನಮ್ಮ ಜೊತೆ ಇದ್ದಳು. ಅಪ್ಪನಿಗೆ ದೇವಸ್ಥಾನದ ಪೂಜೆ ಬಿಟ್ಟು ಬರುವ ಹಾಗಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು. ಕಣ್ಣಿನ ಹಿಂದಿನ ನರ ಸೊರಗಿದೆ, ದಿನವೂ ಮದ್ದು ಹಾಕುತ್ತಿದ್ದರೆ ಇರುವ ಬೆಳಕು ಇನ್ನಷ್ಟು ದಿನ ಉಳಿದೀತು, ಹೋದದ್ದು ವಾಪಸು ಬರುವುದಿಲ್ಲ. ಅಮ್ಮನಿಗೆ ಆಗಲೇ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ, ಆಕಾರ ಮಾತ್ರ. ಮನೆಗೆ ಬಂದವಳು ಗೋಡೆಗೆ ಒರಗಿ ಕೂತು, "ಕತ್ತಲಾಗುವುದರೊಳಗೆ ಒಂದು ಸಲ ಸ್ವಾಮಿಗಳಿಗೆ ಕಣಿ ತೋರಿಸಬೇಕಿತ್ತು" ಎಂದಳು.

ಆ ಸ್ವಾಮಿಗಳು ನನ್ನ ತಮ್ಮ. ಅವನಿಗೆ ಎಂಟು, ನನಗೆ ಹನ್ನೆರಡು ಆಗಿದ್ದಾಗ ಮಠದಿಂದ ಜನ ಬಂದಿದ್ದರು. ಜಾತಕ ಕೂಡಿ ಬಂದಿದೆ, ಹುಡುಗನನ್ನು ಪೀಠಕ್ಕೆ ಕೊಡಬೇಕು ಎಂದರು. ಗುರುಗಳೇ ಕೇಳಿಕಳಿಸಿದ ಮೇಲೆ ಇಲ್ಲ ಎನ್ನುವುದುಂಟಾ, ಎಂದರು ಅಪ್ಪ. ಅಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳೂ ಹೂಂ ಎನ್ನುತ್ತಿದ್ದಳೋ ಏನೋ, ಆದರೆ ಕೇಳಲಿಲ್ಲವಲ್ಲ. ಸಂನ್ಯಾಸ ಆದ ದಿನದಿಂದ ಅವನು ಮಗನಲ್ಲ. ಹೆತ್ತವರೇ ಅವನಿಗೆ ಅಡ್ಡಬೀಳಬೇಕು. ನನ್ನ ಮದುವೆಯಾದಾಗ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ಗಾದೆ ಹೇಳಿ ಸಮಾಧಾನ ಮಾಡಿಕೊಂಡರು. ಕೊಟ್ಟ ಗಂಡಿಗೆ ಅಂಥ ಗಾದೆಯೂ ಇರಲಿಲ್ಲ ಪಾಪ.

ಅವನನ್ನು ಕೊಟ್ಟ ಮೇಲಿನ ಮೊದಲ ಬಿಸುವಿನ ದಿನ ಅಮ್ಮ ಅಭ್ಯಾಸದಂತೆ ಎದ್ದು ಅವನು ಮಲಗುತ್ತಿದ್ದ ಮೂಲೆಗೆ ಹೋದಳು. ಕಣ್ಣು ಮುಚ್ಚಲು ಕೈ ಚಾಚಿಯೂ ಆಗಿತ್ತು. ಚಾಪೆ ಇರಲಿಲ್ಲ. ಹಾಗೇ ಸ್ವಲ್ಪ ಹೊತ್ತು ನಿಂತಳು. ಪಕ್ಕದಲ್ಲಿ ಅರೆಗಣ್ಣಿನಲ್ಲಿ ಅದನ್ನು ಕಂಡ ನಾನು ಮತ್ತೆ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದೆ, ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು. ಬರಲಿಲ್ಲ. ದನದ ಹಟ್ಟಿಯ ಬಾಗಿಲು ಕಿರುಗುಟ್ಟಿದ್ದು ಕೇಳಿತು. "ನೀ ದೊಡ್ಡವಳು, ಎದ್ದು ನೋಡಿಕೋ" ಎಂದು ಅಲ್ಲಿಂದಲೇ ಕೂಗಿದಳು. ಅಲ್ಲಿಂದ ಮುಂದೆ ನನ್ನ ಮದುವೆಯವರೆಗೂ ನಾನೇ ಎದ್ದು ನೋಡಿಕೊಂಡೆ. ಆ ಸಿಟ್ಟು ನನಗೆ ಇತ್ತು. ಸುಳ್ಳು ಯಾಕೆ ಹೇಳಲಿ?

ಆ ವರ್ಷ ಸ್ವಾಮಿಗಳು ಸಂಚಾರದಲ್ಲಿ ಮದರಾಸಿಗೆ ಬರುತ್ತಾರೆ, ಬಿಸುವಿನ ದಿನ ಹೋಟೆಲಿನ ಯಜಮಾನರ ಮನೆಯಲ್ಲೇ ಮೊಕ್ಕಾಂ ಎಂದು ಗಂಡ ಸುದ್ದಿ ತಂದರು. ಅಮ್ಮ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಅವರ ತಾಯಿ ಅಂತ ಯಜಮಾನರಿಗೆ ಹೇಳಿಬಿಡ್ತೇನೆ. ಒಳಗೆ ಕರ್ಕೊಂಡು ಹೋಗ್ತಾರೆ" ಎಂದೆ.

"ಹೇಳಿದರೆ ನನ್ನಾಣೆ. ಕೊಟ್ಟ ಮೇಲೆ ಕೊಟ್ಟಾಯ್ತು. ಎಲ್ಲರ ಹಾಗೆ ಸಾಲಲ್ಲಿ ನಿಲ್ತೇನೆ."

ಅಂಥ ಹಟ. ಅದೂ ಹೋಗಲಿ, ಸೌತೆಕಾಯಿ ಊರಿನದೇ ಆಗಬೇಕು ಎಂದಳು, ಗೆರೆ ಗೆರೆಯ ಹಳದಿ ದಪ್ಪ ಸೌತೆ. ಮದರಾಸಿನ ಸಂತೆಯಲ್ಲಿ ಅದನ್ನು ಎಲ್ಲಿಂದ ತರಲಿ! ರಜೆ ಮುಗಿಸಿ ಮಂಗಳೂರಿನ ರೈಲಿನಲ್ಲಿ ಬಂದ ಹೋಟೆಲಿನ ಸಪ್ಲೈಯರ್ ಒಬ್ಬರು ಕಡೆಗೆ ಒಂದು ತಂದುಕೊಟ್ಟರು. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿ ಸವರಿ ನೋಡಿದಳು.

ಹಿಂದಿನ ದಿನ ನಾನು ಯಜಮಾನರ ಮನೆಗೆ ಹೋಗಿ ಸ್ವಾಮಿಗಳ ಪರಿವಾರದವರೊಬ್ಬರನ್ನು ಕೇಳಿದೆ, ಬೆಳಿಗ್ಗೆ ಸ್ವಾಮಿಗಳು ಎದ್ದು ಬರುವ ಬಾಗಿಲಲ್ಲಿ ಒಂದು ಕಣಿ ಇಡಬಹುದಾ ಎಂದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸ್ವಾಮಿಗಳಿಗೆ ಮೊದಲ ದರ್ಶನ ಮಠದ ಪಟ್ಟದ ದೇವರದ್ದು, ನಿಮ್ಮ ಸೌತೆಕಾಯಿಯದ್ದಲ್ಲ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ಮನೆಗೆ ಬಂದು ಹೇಳಿದೆ. ಅಮ್ಮನಿಗೆ ಬೇಸರವೇ ಆಗಲಿಲ್ಲ.

"ಅದು ಸರಿಯೇ, ದೇವರ ಮುಂದೆ ನಾನು ಯಾರು? ಸಾಲಲ್ಲಿ ತಟ್ಟೆ ಹಿಡೀತೇನೆ. ಸಣ್ಣದಿರುವಾಗ ಹಿಂದಿನ ಸಂಜೆ ನಾನು ಕಣಿ ತಟ್ಟೆ ಹಿಡಿದದ್ದು ಕಂಡ ಕೂಡಲೇ ಕಣ್ಣು ಮುಚ್ಚಿಕೊಳ್ತಿದ್ದರು, ಗೊತ್ತುಂಟಲ್ಲ? ಒಂದು ಸಲ ಮುಚ್ಚಿ ತೆರೆದರೆ ಸಾಕು ನನಗೆ."

ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ ಅವಳ ಬಾಯಲ್ಲಿ ಅವನು ಸ್ವಾಮಿಗಳೇ.

ಬಿಸುವಿನ ದಿನ ಹೊತ್ತು ಮೂಡುವ ಮೊದಲೇ ನಾನು ಯಜಮಾನರ ಮನೆಯ ಹಿತ್ತಲಲ್ಲಿ ಇತರ ಹೆಂಗಸರ ಜೊತೆ ತೆಂಗಿನಕಾಯಿ ತುರಿಯುತ್ತಿದ್ದೆ. ಮುನ್ನೂರು ಎಲೆ ಊಟ. ಅಡುಗೆ ಮಾಡಿದವಳಿಗಿಂತ ಬಡಿಸಿದವಳು ಮೇಲು ಎಂಬ ಹಾಗೆ ಯಜಮಾನ್ತಿ ರೇಷ್ಮೆ ಸೀರೆಯಲ್ಲಿ ಒಳಗೂ ಹೊರಗೂ ಓಡಾಡುತ್ತಿದ್ದರು. ಪಾದಪೂಜೆ ಶುರುವಾಯಿತು ಎಂದಾಗ ತುರಿಮಣೆ ಬಿಟ್ಟು ಮನೆಗೆ ಓಡಿದೆ, ಸ್ನಾನ ಮಾಡಿ ಅಮ್ಮನನ್ನು ಕೈಹಿಡಿದು ಕರೆದುಕೊಂಡು ಬಂದೆ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಹೆಂಗಸರ ಸಾಲು ಗೇಟಿನವರೆಗೂ ಇತ್ತು.

ಹತ್ತಿರ ಹೋದಂತೆ ಮೊದಲು ಕಂಡದ್ದು ಅವನ ಕಾಲು. ಬಲಗಾಲಿನ ಕಿರುಬೆರಳು ಸೊಟ್ಟ. ಆಟವಾಡುವಾಗ ಬಾಗಿಲ ಸಂದಿನಲ್ಲಿ ಜಜ್ಜಿದವಳು ನಾನೇ, ಅದಕ್ಕೆ ಅಪ್ಪನಿಂದ ಪೆಟ್ಟು ತಿಂದವಳೂ ನಾನೇ. ಈಗ ಅದರ ಮೇಲೆ ತುಳಸಿ, ಗಂಧ. ತಲೆಯೆತ್ತಿ ನೋಡಿದರೆ ಬಡಕಲು ಮುಖ, ಅಪ್ಪನದೇ ಅಗಲ ಕಿವಿ. ಹಿಂದಿನ ದಿನ ಏಳು ಮನೆಯಲ್ಲಿ ಪಾದಪೂಜೆಯಂತೆ. ಕೂತಲ್ಲೇ ಕಣ್ಣೆಳೆಯುತ್ತಿತ್ತು. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯದವನು ಅಷ್ಟು ದಣಿದದ್ದನ್ನು ನಾನು ಹೋಟೆಲಿನ ಒಲೆ ಮುಂದೆ ಮಾತ್ರ ಕಂಡಿದ್ದೆ.

ಅಮ್ಮ ತಟ್ಟೆ ಮುಂದೆ ಹಿಡಿದಳು. ಅಕ್ಕಿ, ಸೌತೆ, ತೆಂಗಿನಕಾಯಿ, ಹಿಂದೆ ಕನ್ನಡಿ. ಪಕ್ಕದಲ್ಲಿ ನಿಂತಿದ್ದ ಪರಿವಾರದವರು ಹೌಹಾರಿದರು.

"ಯತಿಗಳ ಎದುರು ಕನ್ನಡಿ ಹಿಡಿಯುವುದಾ! ಎಂತ ಅಮ್ಮ, ಅಷ್ಟೂ ಗೊತ್ತಿಲ್ವಾ?"

ಸಂನ್ಯಾಸಿಗಳು ಕನ್ನಡಿ ನೋಡಬಾರದು. ಮಠದ ಊರಿನಲ್ಲಿ ಹುಟ್ಟಿ ಬೆಳೆದ ಅವಳಿಗೆ ಅದು ಗೊತ್ತಿಲ್ಲವೇ? ಎಂಟು ವರ್ಷದ ಹುಡುಗನಿಗೆ ಎಂದು ಇಟ್ಟ ಕಣಿ, ಅದಕ್ಕೆ ಹಾಗಾಯಿತು. "ತಪ್ಪಾಯ್ತು, ತಪ್ಪಾಯ್ತು" ಎಂದು ಅವಳು ಹೇಳುತ್ತಿರುವಾಗಲೇ ಅವರು ಕನ್ನಡಿ ಕಿತ್ತು ಹಿಂದೆ ನಿಂತ ನನ್ನ ಕೈಗೆ ತುರುಕಿದರು.

"ಯಾವ ಊರು?" ಎಂದರು ಸ್ವಾಮಿಗಳು. ಎಲ್ಲರನ್ನೂ ಅದನ್ನೇ ಕೇಳುತ್ತಿದ್ದರು.

ಅಮ್ಮ ನಮ್ಮ ಊರಿನ ಹೆಸರು ಹೇಳಿದಳು. ಮಂತ್ರಾಕ್ಷತೆಯ ಬಟ್ಟಲಿನಲ್ಲಿ ಆಡುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ನನಗೆ ಹಾಗನ್ನಿಸಿದ್ದೂ ಇರಬಹುದು. ಅವರ ಕಣ್ಣು ಬಟ್ಟಲಿನ ಮೇಲೇ ಇತ್ತು. ತಟ್ಟೆ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. "ಒಳ್ಳೆಯದಾಗಲಿ" ಎಂದು ಮೇಲಿಂದ ಅಕ್ಷತೆ ಹಾಕಿದರು. ಹಿಂದಿನವರು ನೂಕಿದರು. ನಾನು ಅಡ್ಡಬಿದ್ದು ಏಳುವಷ್ಟರಲ್ಲಿ ಅವರು ಮುಂದಿನವರ ಊರು ಕೇಳುತ್ತಿದ್ದರು.

ಊಟಕ್ಕೆ ನಿಲ್ಲಲಿಲ್ಲ ನಾವು. ಅಮ್ಮ ನನ್ನ ಭುಜ ಹಿಡಿದುಕೊಂಡು ನಡೆದಳು, ನಾನು ಕನ್ನಡಿ ಕಂಕುಳಲ್ಲಿ ಇಟ್ಟುಕೊಂಡು ತಟ್ಟೆ ಹೊತ್ತಿದ್ದೆ. ಒಳಗೊಳಗೇ ಕುದಿಯುತ್ತಿದ್ದೆ. ಕೈಲಾಗದವನು ಮೈ ಪರಚಿಕೊಂಡ ಎಂಬ ಹಾಗೆ, ಬೈಯಲು ಯಾರೂ ಸಿಗದೆ ಸೌತೆಕಾಯಿಯನ್ನೇ ಬೈದುಕೊಂಡೆ. ಗಲ್ಲಿಯ ತಿರುವಿನ ನೆರಳಿಗೆ ಬಂದಾಗ ಅಮ್ಮ ನಿಂತಳು.

"ನನಗೆ ಎಲ್ಲ ಮಂಜು ಮಂಜು. ನೀ ಹಿಂದೆ ಇದ್ದೆಯಲ್ಲ, ನೀ ಹೇಳು. ಕಣ್ಣು ಮುಚ್ಚಿ ತೆರೆದರಾ?"

ಬಿಸುವಿನ ದಿನ ಸುಳ್ಳು ಹೇಳಬಾರದು. ಹೇಳಿದರೆ ವರ್ಷವಿಡೀ ಅದೇ ಬಾಯಿಗೆ ಬರುತ್ತದೆ ಎಂದು ಕಲಿಸಿದವಳು ಅವಳೇ.

"ಹೌದಮ್ಮಾ. ತಟ್ಟೆ ಕಂಡ ಕೂಡಲೇ ಮುಚ್ಚಿದರು. ಆಮೇಲೆ ಮೆಲ್ಲಗೆ ತೆರೆದರು."

"ಹೌದಾ?" ಎಂದಳು. "ಸರಿ. ನಡಿ, ಬಿಸಿಲು." ಆ ಮೇಲೆ ಅದರ ಮಾತೆತ್ತಲಿಲ್ಲ. ಸೌತೆಕಾಯಿಯ ಹುಳಿ ಮಾಡಿದೆ, ಎರಡು ದಿನ ಬಂತು.

ಮದ್ದು ಬಿಡುವಂತಿಲ್ಲ, ಅಲ್ಲೇ ಇರಲಿ ಎಂದು ಅಪ್ಪ ಕಾಗದ ಬರೆದರು. ವರ್ಷ ತಿರುಗುವುದರೊಳಗೆ ಅಮ್ಮನಿಗೆ ಕಿಟಕಿ ಎಲ್ಲಿದೆ ಎನ್ನುವುದು ಬಿಟ್ಟರೆ ಬೇರೇನೂ ಕಾಣದಾಯಿತು. ನಾನು ಅವಳ ಸ್ನಾನ, ಮಗಳ ಶಾಲೆ, ಗಂಡನ ಹೊತ್ತಲ್ಲದ ಹೊತ್ತಿನ ಊಟ ಎಂದು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಮುಂದಿನ ಬಿಸುವಿಗೆ ನಾಲ್ಕು ದಿನ ಮೊದಲು ಜ್ವರವೂ ಬಂತು. ಹಬ್ಬದ ಹಿಂದಿನ ಸಂಜೆ ಚಾಪೆಯ ಮೇಲೆ ಬಿದ್ದುಕೊಂಡೇ ಹೇಳಿಬಿಟ್ಟೆ. "ಈ ಸಲ ಕಣಿ ಇಲ್ಲ, ಗಿಣಿ ಇಲ್ಲ. ಯಾರಿಗೆ ಬೇಕಾಗಿದೆ? ನನಗೆ ಸಾಕಾಗಿ ಹೋಗಿದೆ."

ಬೆಳಿಗ್ಗೆ ಎಚ್ಚರವಾದಾಗ ನನ್ನ ಕಣ್ಣಿನ ಮೇಲೆ ಒಂದು ಕೈ ಇತ್ತು. ಒರಟು ಕೈ, ವೀಳ್ಯದೆಲೆಯ ವಾಸನೆ. ಗಂಡ ಆಗಲೇ ಹೋಗಿದ್ದರು, ಮಗಳ ಉಸಿರು ಪಕ್ಕದಲ್ಲೇ ಕೇಳುತ್ತಿತ್ತು.

"ಅಮ್ಮಾ, ಎಂತ ಇದು? ಬಿಡು, ಕೊಳಾಯಿಗೆ ನೀರು ಬರುವ ಹೊತ್ತು."

"ನೀರು ಬರಲಿ. ಕಣ್ಣು ಬಿಡಬೇಡ."

"ಹೊಸ್ತಿಲಲ್ಲಿ ಎಡವಿ ಬೀಳ್ತೀ ನೀನು."

"ಸುಮ್ಮನಿರು ಹೆಣ್ಣೇ. ಅವ ಕಣ್ಣು ಮುಚ್ಚಲಿಲ್ಲ, ನನಗೆ ಗೊತ್ತುಂಟು. ನೀನಾದರೂ ಮುಚ್ಚು."

ಕಣ್ಣು ಮುಚ್ಚಿಕೊಂಡೆ. ಅವಳ ಒಂದು ಕೈ ನನ್ನ ಮುಖದ ಮೇಲೆ, ಇನ್ನೊಂದು ಕೈ ಗೋಡೆ ತಡವುತ್ತಿತ್ತು. ಕುರುಡಿ ನಡೆಸಿದಳು, ನಾನು ನಡೆದೆ. ಅಕ್ಕಿ ಡಬ್ಬಕ್ಕೆ ನನ್ನ ಮೊಣಕಾಲು ತಾಗಿತು. "ಕೂತುಕೋ" ಎಂದಳು. ಕೂತೆ. ಹನ್ನೆರಡು ವರ್ಷದವಳಾಗಿ ಕಾದು ಕೂತದ್ದು ನೆನಪಾಗಿ ಅವಳ ಅಂಗೈ ಒದ್ದೆ ಮಾಡಿಬಿಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಬಾಳೆಎಲೆ ತಲೆಕೆಳಗಾಗಿತ್ತು. ಅಕ್ಕಿ ಅರ್ಧ ನೆಲದ ಮೇಲೆ. ಸೌತೆ ಸಿಕ್ಕದೆ ಒಂದು ಬದನೆಕಾಯಿ ಇಟ್ಟಿದ್ದಳು, ತೆಂಗಿನಕಾಯಿ ಉರುಳಿ ದೀಪದ ಕಾಲಿಗೆ ಒರಗಿತ್ತು. ಕನ್ನಡಿ ಓರೆಯಾಗಿ ನಿಂತಿತ್ತು. ಅದರಲ್ಲಿ ಜ್ವರದಲ್ಲಿ ತಲೆ ಕೆದರಿದ ನಾನು, ನನ್ನ ಹಿಂದೆ ಎತ್ತಲೋ ನೋಡುತ್ತಾ ನಿಂತ ಅಮ್ಮ.

"ಚೆಂದ ಕಾಣ್ತದಾ?" ಎಂದು ಕೇಳಿದಳು.

"ಕಾಣ್ತದಮ್ಮಾ, ತುಂಬ ಚೆಂದ ಕಾಣ್ತದೆ" ಎಂದೆ. ಆ ಸಲ ನಾನು ಸುಳ್ಳು ಹೇಳಲಿಲ್ಲ.