ಜನಕ್ಕಿಂತ ನಂಟರೇ ಹೆಚ್ಚು

ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯನ್ನು ನಾನು ಕಲಿತದ್ದು ಹಿಂದೂಪುರದಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು, ಆದರೆ ಆ ಪುಟಗಳಲ್ಲಿ ತಿಂಗಳು ತಾರೀಖು ಇದೆ, ಇಸವಿ ಇಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಇಸವಿಯನ್ನೇ ಬಿಟ್ಟಿದ್ದೇನೆ. ನಡೆಯುತ್ತಿರುವ ವರ್ಷ ಮುಂದೊಂದು ದಿನ ಮರೆತುಹೋದೀತು ಎಂದು ಬರೆಯುವಾಗ ಅನ್ನಿಸುವುದಿಲ್ಲ.

ಓದು ಮುಗಿಸಿ ಬೆಳುಗುಪ್ಪದ ಮನೆಯಲ್ಲಿ ಕೆಲಕಾಲ ಸುಮ್ಮನೆ ಕೂತಿದ್ದು, ಆಮೇಲೆ ಹಿಂದೂಪುರಕ್ಕೆ ಅಕ್ಕನ ಮನೆಗೆ ಬಂದಿದ್ದೆ. ಅಕ್ಕನನ್ನು ಕೊಟ್ಟದ್ದು ನಮ್ಮ ಸೋದರಮಾವನಿಗೇ, ಅಂದರೆ ಅಮ್ಮನ ತಮ್ಮನಿಗೆ. ಹಾಗಾಗಿ ಅದು ಅಕ್ಕನ ಮನೆ, ಮಾವನ ಮನೆ, ಅಜ್ಜಿಯ ಮನೆ, ಮೂರೂ ಹೌದು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ನಾನೂ ಅದರ ಬಗ್ಗೆ ಯೋಚಿಸಿದವಳಲ್ಲ.

ನನಗೆ ಬೇಕಾಗಿದ್ದದ್ದು ಒಂದು ಕೆಲಸ. ನಾನು ಕಲಿಯಲು ಸೇರಿದ್ದ ಕಂಪ್ಯೂಟರ್ ಸೆಂಟರಿನವರು ಕಲ್ಯಾಣದುರ್ಗದಲ್ಲಿ ಶಾಖೆ ತೆರೆಯುವವರಿದ್ದರು. ಅಲ್ಲಿ ಪಾಠ ಹೇಳಲು ಒಬ್ಬರು ಬೇಕಿತ್ತು. ಕೋರ್ಸಿನ ಕೊನೆಗೆ ಹೈದರಾಬಾದಿನಿಂದ ಬರುವ ಪರೀಕ್ಷಕರ ಮುಂದೆ ಯಾರು ಚೆನ್ನಾಗಿ ಪ್ರಾಜೆಕ್ಟ್ ತೋರಿಸುತ್ತಾರೋ ಅವರಿಗೆ ಆ ಕೆಲಸ ಎಂದಿದ್ದರು. ಕಲ್ಯಾಣದುರ್ಗವಾದರೆ ನಾನು ನಮ್ಮೂರಿನಿಂದಲೇ ಬಸ್ಸಿನಲ್ಲಿ ಓಡಾಡಬಹುದಿತ್ತು. ಮಾವನ ಮನೆಯಲ್ಲಿ ನಾನು ಉಣ್ಣುವ ಊಟವನ್ನು ಯಾರೂ ಲೆಕ್ಕ ಇಟ್ಟಿರಲಿಲ್ಲ, ನಾನೇ ಇಟ್ಟಿದ್ದೆ.

ನಮಗೆ ಪಾಠ ಹೇಳುತ್ತಿದ್ದವರು ರೊದ್ದಂ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಅವರಿಗೆ ಸಾರ್ ಎನ್ನುತ್ತಿದ್ದೆ, ಅವರು ನನಗೆ ಮೇಡಂ ಎನ್ನುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಕಂಪ್ಯೂಟರಿನ ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ. ಸೆಲೆಕ್ಟ್ ಎಂದು ಬರೆದು ಏನು ಬೇಕು ಎಂದು ಹೇಳಬೇಕು, ಫ್ರಮ್ ಎಂದು ಬರೆದು ಯಾವ ಟೇಬಲ್ಲಿನಿಂದ, ಅಂದರೆ ಯಾವ ಪಟ್ಟಿಯಿಂದ ಎಂದು ಹೇಳಬೇಕು, ವೇರ್ ಎಂದು ಬರೆದು ಎಂಥವರು ಮಾತ್ರ ಎಂದು ಹೇಳಬೇಕು. ಕೊನೆಗೆ ಸೆಮಿಕೋಲನ್. ಅದನ್ನು ಹಾಕುವವರೆಗೂ ಯಂತ್ರ ಎರಡನೇ ಸಾಲು, ಮೂರನೇ ಸಾಲು ಎಂದು ನಂಬರ್ ಕೊಡುತ್ತಾ ಕಾಯುತ್ತದೆ. ಹೇಗೆ ಹುಡುಕಬೇಕು ಎಂದು ಅದಕ್ಕೆ ಹೇಳಿಕೊಡಬೇಕಿಲ್ಲ ಎಂಬುದು ನನಗೆ ಬಹಳ ದಿನ ವಿಚಿತ್ರವಾಗಿ ಕಂಡಿತು. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದೆಲ್ಲ ಹೇಗೆ ಹುಡುಕಬೇಕು ಎಂಬುದನ್ನೇ. ಏನು ಬೇಕು ಎಂದು ಇಷ್ಟು ಸ್ಪಷ್ಟವಾಗಿ ಹೇಳಿ ನನಗೆ ಅಭ್ಯಾಸವೇ ಇರಲಿಲ್ಲ.

ಪಾಠದ ಟೇಬಲ್ಲಿನಲ್ಲಿ ಯಾವುದೋ ದೇಶದ ಯಾವುದೋ ಕಂಪನಿಯ ನೌಕರರಿದ್ದರು. ಅವರ ಸಂಬಳ, ಅವರ ಮೇಲಧಿಕಾರಿ. ಅವರನ್ನು ಕೇಳಿ ಕೇಳಿ ಬೇಜಾರಾಗಿ, ಪ್ರಾಜೆಕ್ಟ್‌ಗೆ ನಮ್ಮ ಮನೆಯವರನ್ನೇ ಹಾಕಿದೆ. ಒಬ್ಬೊಬ್ಬರಿಗೂ ಒಂದು ನಂಬರ್, ಗಂಡೋ ಹೆಣ್ಣೋ, ವಯಸ್ಸು, ತಾಯಿಯ ನಂಬರ್, ತಂದೆಯ ನಂಬರ್, ಗಂಡನ ಅಥವಾ ಹೆಂಡತಿಯ ನಂಬರ್. ಇಷ್ಟು ಕೊಟ್ಟರೆ ಸಾಕು, ಮಿಕ್ಕ ಸಂಬಂಧವೆಲ್ಲ ಪ್ರಶ್ನೆ ಕೇಳಿಯೇ ಹೊರಡಿಸಬಹುದು. ಅಮ್ಮನ ಅಣ್ಣತಮ್ಮಂದಿರು ಯಾರು ಎಂದರೆ ಮಾವಂದಿರು ಬರುತ್ತಾರೆ. ಅಕ್ಕತಂಗಿಯರ ಗಂಡಂದಿರು ಎಂದರೆ ಭಾವಂದಿರು, ಮೈದುನರು. ಹೀಗೆ ಹಲವು ಪ್ರಶ್ನೆ ಬರೆದು, ಯೂನಿಯನ್ ಎಂಬ ಪದ ಹಾಕಿ ಎಲ್ಲ ಉತ್ತರವನ್ನೂ ಒಂದರ ಕೆಳಗೊಂದು ಜೋಡಿಸಿದೆ. ಒಂದು ಕಾಲಂನಲ್ಲಿ ಹೆಸರು, ಪಕ್ಕದ ಕಾಲಂನಲ್ಲಿ ನನಗೆ ಏನಾಗಬೇಕು ಎಂಬುದು.

ಉತ್ತರ ನೋಡಿದರೆ, ಟೇಬಲ್ಲಿನಲ್ಲಿದ್ದ ಜನಕ್ಕಿಂತ ನಂಟರೇ ಹೆಚ್ಚಿದ್ದರು.

ಹುಡುಕಿದೆ. ಮಾವ ಎರಡು ಸಲ ಬಂದಿದ್ದ, ಒಂದು ಸಾಲಿನಲ್ಲಿ ಮಾವ, ಇನ್ನೊಂದರಲ್ಲಿ ಭಾವ. ಅಕ್ಕ ಒಮ್ಮೆ ಅಕ್ಕ, ಒಮ್ಮೆ ಮಾವನ ಹೆಂಡತಿಯಾಗಿ ಅತ್ತೆ. ಅವರ ಮಗಳು ಒಮ್ಮೆ ಅಕ್ಕನ ಮಗಳು, ಒಮ್ಮೆ ಮಾವನ ಮಗಳು.

"ಯೂನಿಯನ್ ಹಾಕಿದ್ರೆ ಡಬಲ್ ಬಂದಿದ್ದನ್ನ ಅದೇ ತೆಗೀತದಲ್ಲ ಸಾರ್?" ಎಂದೆ.

ಸಾರ್ ಬಗ್ಗಿ ನೋಡಿದರು. "ಡಬಲ್ ಎಲ್ಲೈತೆ ಮೇಡಂ? ಪಕ್ಕದ ಕಾಲಂ ಬೇರೆ ಬೇರೆ ಐತಲ್ಲ. ಅದ್ರ ಲೆಕ್ಕದಾಗೆ ಇವು ಎರಡು ಸಾಲೇ. ನಿಮಗೆ ಒಂದೇ ಬೇಕಾ? ಆ ಕಾಲಂ ತೆಗೆದ್ಬುಡಿ. ಅಷ್ಟೇ."

ತೆಗೆದು ನೋಡಿದೆ. ಎಲ್ಲರೂ ಒಂದೊಂದೇ ಸಲ ಬಂದರು. ಆದರೆ ಯಾರು ಏನಾಗಬೇಕು ಎಂಬುದೇ ಇಲ್ಲ. ಬರೀ ಹೆಸರು, ಹಾಜರಿ ಕೂಗಿದ ಹಾಗೆ.

ಮನೆಗೆ ಹೋದಾಗ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಕೇಳಿದೆ, "ಅಜ್ಜಿ, ಮಾವ ನನಗೆ ಮಾವನಾ, ಭಾವನಾ?"

"ಇದೇನ್ ಹಿಂಗ್ ಕೇಳ್ತೀಯ ಕಣಮ್ಮ. ನೀನ್ ಹುಟ್ಟಿದಾಗ್ಲೇ ಮಾವ. ಭಾವ ಆಮೇಲ್ ಆಗಿದ್ದು."

"ಹಂಗಾದ್ರೆ ಭಾವ ಅನ್ನೋದನ್ನ ತೆಗೆದ್ಬುಡ್ಲಾ?"

"ತೆಗೆದ್ಬುಟ್ರೆ ನಿಮ್ಮಕ್ಕ ಯಾರ್ ಹೆಂಡ್ತಿ ಆಯ್ತಾಳೆ?"

"ತೆಗೀಲಿ ಬುಡಜ್ಜಿ," ಎಂದಳು ಅಕ್ಕ ಅಡುಗೆಮನೆಯಿಂದ. "ನಂಗೂ ನಾಕು ದಿನ ರೆಸ್ಟು."

"ನೀನೂ ಎರಡು ಸಲ ಬಂದಿದ್ದೀಯ. ಒಂದ್ರಾಗೆ ಅಕ್ಕ, ಒಂದ್ರಾಗೆ ಅತ್ತೆ."

"ಹಂಗಾದ್ರೆ ಇವತ್ತಿಂದ ಅತ್ತೆ ಅಂತ್ಲೇ ಕೂಗು. ಆಗ್ಲಾದ್ರೂ ಕುಡಿದ್ ಲೋಟ ತೊಳೆದಿಡ್ತೀಯ."

ಆಗ ನನಗೆ ಅಣ್ಣನ ಮದುವೆ ನೆನಪಾಯಿತು. ನಮ್ಮಲ್ಲಿ ಮದುವೆಯಲ್ಲಿ ವೀಳ್ಯ ಕೊಡುವಾಗ ಹೆಸರು ಹಿಡಿದು ಕೂಗುವುದಿಲ್ಲ, ಸಂಬಂಧ ಹಿಡಿದು ಕೂಗುತ್ತಾರೆ. ಸೋದರಮಾವನ ವೀಳ್ಯ, ಮನೆ ಅಳಿಯನ ವೀಳ್ಯ, ಬೀಗರ ವೀಳ್ಯ, ಹೀಗೆ. ಆ ಮದುವೆಯಲ್ಲಿ ಸೋದರಮಾವನೂ ಮನೆ ಅಳಿಯನೂ ಇವನೊಬ್ಬನೇ. ಮಾವ ಎರಡು ಸಲ ಎದ್ದುಹೋಗಿ ಎಲೆ ಅಡಿಕೆ ತೆಗೆದುಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಅದನ್ನು ಹೇಳಿದೆ.

"ಒಂದೇ ಸಲ ಎದ್ದಿದ್ದು," ಎಂದ ಮಾವ, ಆಗಷ್ಟೇ ಬಂದು ಅಂಗಿ ಗುಂಡಿ ಬಿಚ್ಚುತ್ತಾ. "ಅವತ್ತು ನಂಗೆ ಸೊಂಟ ಹಿಡ್ಕೊಂಡಿತ್ತು."

"ಎರಡು ಸಲ ಎದ್ದೆ ಕಣ್ಲಾ," ಎಂದಳು ಅಜ್ಜಿ. "ಎರಡ್ನೇ ಸಲ ಹೋಗೋವಾಗ ಶಲ್ಯ ಜಾರಿ ಬಿತ್ತು, ನಾನೇ ಎತ್ಕೊಟ್ಟೆ."

ಅಕ್ಕನ ಪ್ರಕಾರ ಎರಡು ವೀಳ್ಯವನ್ನೂ ಒಂದೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಒಂದು ಘಟನೆ, ನಾಲ್ಕು ಜನ ಸಾಕ್ಷಿ, ಮೂರು ಹೇಳಿಕೆ. ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇದ್ದದ್ದು ಇಷ್ಟೇ: 'ಊಟ ತಡವಾಯಿತು. ನಮ್ಮ ಪಂಕ್ತಿ ಬರುವಷ್ಟರಲ್ಲಿ ಪಾಯಸ ಮುಗಿದಿತ್ತು.'

ಅಜ್ಜಿ ನನ್ನ ಮಾತಿಗೆ ಸೇರಿದ್ದರಿಂದ ನನಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಅವಳು ಹೇಳಿದ ಮೇಲೆ ಆ ಶಲ್ಯವೂ ನನಗೆ ಕಾಣತೊಡಗಿತು, ಅದರ ಜರಿಯ ಅಂಚು ಸಮೇತ. ಹೀಗೆ ಕೇಳಿದ ತಕ್ಷಣ ಬಂದು ಸೇರಿಕೊಳ್ಳುವ ನೆನಪನ್ನು ಎಷ್ಟು ನಂಬುವುದು?

ಆದರೆ ಒಂದು ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ವೀಳ್ಯ ಎಷ್ಟೇ ಆಗಿರಲಿ, ಊಟಕ್ಕೆ ಮಾವನಿಗೆ ಹಾಕಿದ್ದು ಒಂದೇ ಎಲೆ. ಎಷ್ಟು ಎಲೆ ಹಾಕಬೇಕು ಎಂಬುದು ಒಂದು ಪ್ರಶ್ನೆ, ಎಷ್ಟು ವೀಳ್ಯ ಕೂಗಬೇಕು ಎಂಬುದು ಇನ್ನೊಂದು. ನಾನು ಇಷ್ಟು ದಿನ ಎರಡನ್ನೂ ಒಂದೇ ಪ್ರಶ್ನೆ ಮಾಡಿ ಕೇಳುತ್ತಿದ್ದೆ. ಯಂತ್ರ ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ಎರಡು ಸಾಲನ್ನೂ ಹಾಗೇ ಇಟ್ಟು ತೋರಿಸುತ್ತೇನೆ ಎಂದದ್ದು ಸಾರ್‌ಗೆ ಇಷ್ಟವಾಗಲಿಲ್ಲ. "ಸುಮ್ನೆ ಯಾಕ್ ಮೇಡಂ ರಿಸ್ಕು? ಆ ಕಾಲಂ ತೆಗೆದು ತೋರಿಸ್ಬುಡಿ, ನೀಟಾಗಿ ಬತ್ತದೆ. ಹೈದರಾಬಾದಿನೋರಿಗೆ ನಮ್ಮ ನಂಟಿನ ವರಸೆ ಎಲ್ಲಾ ಯಾಕೆ? ಡೇಟಾನೇ ತಪ್ಪು ಅಂದ್ಬುಟ್ರೆ ಕಲ್ಯಾಣದುರ್ಗ ಹೋಯ್ತದೆ."

ಅವರ ಮಾತು ಸರಿಯಾಗಿತ್ತು. ಪರೀಕ್ಷೆಯ ಬೆಳಿಗ್ಗೆ ಕಾಲಂ ತೆಗೆದೆ, ಮತ್ತೆ ಹಾಕಿದೆ. ಕೊನೆಗೆ ಯಾಕೆ ಹಾಕಿಯೇ ಬಿಟ್ಟೆ? ಧೈರ್ಯದಿಂದ ಎಂದು ಬರೆಯಲು ಆಸೆಯಾಗುತ್ತದೆ. ಆ ಸಾಲುಗಳನ್ನು ನೋಡಿ ಹೊಸಬರು ಏನು ಕೇಳುತ್ತಾರೆ ಎಂದು ತಿಳಿಯುವ ಕುತೂಹಲವೇ ಹೆಚ್ಚಿತ್ತೇನೋ.

ಬಂದ ಪರೀಕ್ಷಕಿ ಉತ್ತರ ಭಾರತದ ಕಡೆಯವರು. ಹಿಂದಿ ಬೆರೆತ ತೆಲುಗಿನಲ್ಲಿ ಮಾತಾಡುತ್ತಿದ್ದರು. ಪರದೆಯ ಮೇಲೆ ಬೆರಳಿಟ್ಟು, ಇವರು ಎರಡು ಸಲ ಬಂದಿದ್ದಾರೆ, ಡೇಟಾ ತುಂಬುವಾಗ ತಪ್ಪಾಗಿದೆ ಎಂದರು. ಸಾರ್ ಗೋಡೆಯ ಕಡೆ ನೋಡಿದರು. ತಪ್ಪಲ್ಲ ಎಂದೆ. ಹಾಳೆಯ ಮೇಲೆ ಅಜ್ಜಿಯನ್ನು ಬರೆದು, ಕೆಳಗೆ ಅಮ್ಮನನ್ನೂ ಮಾವನನ್ನೂ ಬರೆದು, ಅಮ್ಮನ ಕೆಳಗೆ ಅಕ್ಕನನ್ನು ಬರೆದು, ಅಕ್ಕನಿಂದ ಮಾವನಿಗೆ ಒಂದು ಗೆರೆ ಎಳೆದೆ. ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ತಮ್ಮ ಕಡೆ ಇಂಥ ಮದುವೆಯನ್ನು ಊಹಿಸುವುದೂ ಕಷ್ಟ ಎಂದರು. ಆಮೇಲೆ, ಹಾಗಾದರೆ ಒಟ್ಟು ಜನ ಎಷ್ಟು ಎಂದು ಕೇಳಿದರು. ಎಲೆಯ ಪ್ರಶ್ನೆ ಸಿದ್ಧವಿತ್ತು. ಕೌಂಟ್, ಡಿಸ್ಟಿಂಕ್ಟ್, ಒಬ್ಬೊಬ್ಬರ ನಂಬರ್ ಒಂದೇ ಸಲ ಎಣಿಸು ಎಂದು ಬರೆದು ಸೆಮಿಕೋಲನ್ ಹಾಕಿದೆ. ಸಾಲುಗಳಿಗಿಂತ ಕಡಿಮೆ ಸಂಖ್ಯೆ ಬಂತು. ಯಾಕೆ ಕಡಿಮೆ ಎಂದು ಎಲೆ, ವೀಳ್ಯ ಎರಡನ್ನೂ ಹೇಳಿ ವಿವರಿಸಿದೆ.

ನಿಮ್ಮಕ್ಕ ಬೈಯುವಾಗ ಯಾವ ಸಾಲಿನಿಂದ ಬೈಯುತ್ತಾರೆ ಎಂದು ಅವರು ಕೇಳಿದರು. ಅಥವಾ ಅದು ಆಮೇಲೆ ಹಲವರಿಗೆ ಈ ಕಥೆ ಹೇಳುವಾಗ ನಾನೇ ಸೇರಿಸಿದ್ದೋ ಗೊತ್ತಿಲ್ಲ. ದಿನಚರಿಯಲ್ಲಿ ಇರುವುದು: 'ಎರಡು ಸಾಲೂ ಇಟ್ಟೆ. ಅವರಿಗೆ ಕೋಪ ಬರಲಿಲ್ಲ.'

ಮುಂದಿನ ವಾರ ಸಾರ್ ಮೆಟ್ಟಿಲ ಹತ್ತಿರವೇ ನಿಂತಿದ್ದರು. "ಕಲ್ಯಾಣದುರ್ಗಕ್ಕೆ ನಿಮ್ಮನ್ನೇ ಅಂತೆ ಮೇಡಂ. ಹೊಸಬ್ರಿಗೆ ಅರ್ಥ ಆಗೋ ಹಂಗೆ ಹೇಳ್ತಾರೆ ಅಂದ್ರಂತೆ. ನಾನಾಗಿದ್ರೆ ಕಾಲಂ ತೆಗೀತಿದ್ದೆ, ಸುಳ್ಳು ಯಾಕ್ ಹೇಳ್ಲಿ."

ಕಲ್ಯಾಣದುರ್ಗದ ಶಾಖೆ ಎಂದರೆ ಒಂದು ಕೋಣೆ, ಹಸಿರು ಬೋರ್ಡು, ಇನ್ನೂ ಹೊದಿಸಿದ ಬಟ್ಟೆ ತೆಗೆಯದ ಕಂಪ್ಯೂಟರುಗಳು. ಕಲಿಯಲು ಸೇರಿದವರಲ್ಲಿ ಬ್ರಹ್ಮಸಮುದ್ರದ ಬಸ್ಸಿಗೆ ಬರುವವರೇ ಹೆಚ್ಚು. ಮೊದಲ ದಿನ ಬೋರ್ಡಿನ ಮೇಲೆ ನನ್ನ ಟೇಬಲ್ಲನ್ನೇ ಬರೆದು, ನಿಮ್ಮ ನಿಮ್ಮ ಮನೆಯವರನ್ನು ತುಂಬಿ ಎಂದೆ. ಎಲ್ಲರೂ ಬರೆಯತೊಡಗಿದರು. ಮುಂದಿನ ಬೆಂಚಿನಲ್ಲಿ ಮದುವೆಯಾದ ಒಬ್ಬ ಹೆಂಗಸು ಪೆನ್ನು ಹಿಡಿದು ಸುಮ್ಮನೆ ಕೂತಿದ್ದರು. ಏನಾಯಿತು ಎಂದು ಕೇಳಿದೆ.

"ನನ್ನ ಹೆತ್ತೋರು ಒಬ್ರು ಮೇಡಂ, ಸಾಕಿದ್ದು ನಮ್ಮ ದೊಡ್ಡಮ್ಮ. ಅಮ್ಮ ಅಂತ ಕೂಗೋದು ದೊಡ್ಡಮ್ಮನ್ನೇ. ನೀವ್ ತಾಯಿ ಅಂತ ಒಂದೇ ಕಾಲಂ ಹಾಕಿದ್ದೀರ. ಯಾರನ್ನ ಬರೀಲಿ?"

ನಾನು ಬೋರ್ಡಿನ ಕಡೆ ತಿರುಗಿ ಆ ಕಾಲಂ ನೋಡಿದೆ. ಅದನ್ನು ಹಾಕುವಾಗ ಹೀಗೊಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

"ಗೊತ್ತಿಲ್ಲ," ಎಂದೆ. "ಇಬ್ಬರನ್ನೂ ಬರೆಯೋಕೆ ಎಲ್ಲಿ ಜಾಗ ಮಾಡಬಹುದು, ನೋಡೋಣ." ಬೋರ್ಡು ಒರೆಸಿ ಗೆರೆಗಳನ್ನು ಮೊದಲಿನಿಂದ ಎಳೆಯತೊಡಗಿದೆ.